ಆಚೆಗುಡ್ಡದ ಅಸಲಿ ಹೆಸರು

ಗುಡ್ಡಗಳ ಹೆಸರು ಬರೆದುಕೊಳ್ಳುವ ಕೆಲಸ ಸಿಕ್ಕಿದೆ ಎಂದರೆ ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಒಬ್ಬರೂ ನಂಬಲಿಲ್ಲ. ಕೆಳಗಿನ ಮನೆಯ ಟೈಲರ್ ಅಂತೂ ಹೊಲಿಯುವುದನ್ನೇ ನಿಲ್ಲಿಸಿ ಕೇಳಿದ: "ಗುಡ್ಡದ ಹೆಸರು ಬರ್ಕೊಳ್ಳೋಕೆ ಸಂಬಳ ಕೊಡ್ತಾರಾ ಮೇಡಂ? ಇಲ್ಲಿ ರೋಡ್ ಹಂಪ್ ಬಿಟ್ರೆ ಎತ್ತರದ್ದು ಇನ್ನೇನಿದೆ?"

ಅವನದೂ ತಪ್ಪಲ್ಲ. ಕೆಲಸಕ್ಕೆ ಸೇರುವವರೆಗೆ ನನಗೂ ಹಾಗೇ ಅನ್ನಿಸಿತ್ತು. ಕೆಂಪಾಪುರದ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ ನಕ್ಷೆ ಮಾಡುವ ಆಫೀಸು. ಡ್ರೋನ್ ಹಾರಿಸಿ ಊರಿನ ಉತ್ತರದ ಅಂಚನ್ನೆಲ್ಲ ಫೋಟೋ ತೆಗೆದಿದ್ದರು. ಅದರಲ್ಲಿ ಎಲ್ಲವೂ ಕಾಣುತ್ತಿತ್ತು, ಮಹಡಿಯ ಮೇಲೆ ಒಣಗಲು ಹಾಕಿದ ಸೀರೆಯ ಅಂಚು ಕೂಡ. ಹೆಸರು ಮಾತ್ರ ಕಾಣುತ್ತಿರಲಿಲ್ಲ. ಆಕಾಶದಿಂದ ನೋಡಿದರೆ ಯಾವ ಹಳ್ಳವೂ ತನ್ನ ಹೆಸರು ಹೇಳುವುದಿಲ್ಲ, ಕೆಳಗೆ ಇಳಿದು ಜನರನ್ನೇ ಕೇಳಬೇಕು. ಆಫೀಸಿನ ಹುಡುಗ ಹುಡುಗಿಯರು ಕಂಪ್ಯೂಟರಿನಲ್ಲಿ ಜಾಣರು, ಆದರೆ ಅಪರಿಚಿತರ ಮನೆ ಬಾಗಿಲು ತಟ್ಟು ಎಂದರೆ ಬೆವರುತ್ತಾರೆ. ನನಗೆ ಮನೆಯಲ್ಲಿ ದಖ್ನಿ ಉರ್ದು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯಿಂದ ತೆಲುಗು, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ನಿಂತು ತಮಿಳು, ಎಲ್ಲವೂ ಬರುತ್ತಿತ್ತು. ಸಾಲದ್ದಕ್ಕೆ ಬಾಯಿ ಸ್ವಲ್ಪ ಜೋರು. ಜೀವನದಲ್ಲಿ ಮೊದಲ ಸಲ ನನ್ನ ಬಾಯಿ ಒಂದು ಅರ್ಹತೆ ಅನ್ನಿಸಿಕೊಂಡಿತು.

ಕೆಲಸದ ಪದ್ಧತಿ ಸರಳ. ಒಂದು ಗುಡ್ಡ, ಒಂದು ಹಳ್ಳ, ಒಂದು ನೀರಿನ ಕುಂಟೆ, ಯಾವುದೇ ಇರಲಿ, ಆ ಊರಿನ ಮೂವರನ್ನು ಬೇರೆ ಬೇರೆಯಾಗಿ ಕೇಳಬೇಕು. ಮೂವರೂ ಒಂದೇ ಹೆಸರು ಹೇಳಿದರೆ ಅದು ನಕ್ಷೆಗೆ ಹೋಗುತ್ತದೆ. ಅವರು ಹೇಳಿದ್ದನ್ನು ಫೋನಿನಲ್ಲಿ ಅವರ ದನಿಯಲ್ಲೇ ರೆಕಾರ್ಡ್ ಮಾಡಬೇಕು. ನಾವಾಗಿ ಹೆಸರು ಎತ್ತಿಕೊಟ್ಟು "ಇದು ಇಂಥ ಗುಡ್ಡ ಅಲ್ವಾ?" ಎಂದು ಕೇಳುವ ಹಾಗಿಲ್ಲ. "ಇದಕ್ಕೆ ಏನಂತೀರಿ?" ಎಂದಷ್ಟೇ ಕೇಳಬೇಕು. ಮೊದಲು ಹೆಸರು ಹೇಳಿದವರನ್ನು ಮೊದಲ ಸಾಕ್ಷಿ ಎಂದು ಕರೆಯುತ್ತಿದ್ದೆವು.

ತಲೆಗೆ ಸ್ಕಾರ್ಫು, ಅದರ ಮೇಲೆ ಹೆಲ್ಮೆಟ್ಟು, ಹೆಗಲಿಗೆ ಚೀಲ, ಸ್ಕೂಟಿ. ನನ್ನನ್ನು ಕಂಡರೆ ಜನ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ರೋಡ್ ಅಗಲ ಮಾಡ್ತೀರಾ?" ಇಲ್ಲ ಎಂದರೆ ಅವರ ಮುಖದಲ್ಲಿ ಸಮಾಧಾನ, ಜೊತೆಗೆ ಒಂಚೂರು ನಿರಾಶೆ. ಕೊಡಿಗೇಹಳ್ಳಿಯಲ್ಲಿ ಒಂದು ತೊರೆಯ ಹೆಸರು ಕೇಳಿದಾಗ ಮೂವರೂ ತಡಮಾಡದೆ ಹೇಳಿದರು: "ಮೋರಿ." ಮೂಗು ಮುಚ್ಚಿಕೊಂಡೇ ಹೇಳಿದರು. ಪದ್ಧತಿಯ ಪ್ರಕಾರ ನಾನೂ ನಿಷ್ಠೆಯಿಂದ "ಮೋರಿ" ಎಂದೇ ಕಳಿಸಿದೆ. ನಮ್ಮ ಆಫೀಸಿನ ಮೇಲ್ವಿಚಾರಕ ಸರ್ ಫೋನ್ ಮಾಡಿ, "ಮೇಡಂ, ತಮಾಷೆ ಮಾಡ್ತಿದ್ದೀರಾ?" ಎಂದರು. "ನಾನಲ್ಲ ಸರ್, ಊರು ಮಾಡ್ತಿದೆ" ಎಂದೆ. ಕೊನೆಗೆ ಹಳೆಯ ಹೆಂಚಿನ ಮನೆಯ ಒಬ್ಬರು ಆ ತೊರೆಗೆ ತಮ್ಮ ತಾತನ ಕಾಲದಲ್ಲಿದ್ದ ಹೆಸರನ್ನು ನೆನಪು ಮಾಡಿಕೊಂಡರು. ಹೇಳುವಾಗ ಅವರಿಗೇ ನಾಚಿಕೆಯಾಯಿತು, ಅಷ್ಟು ಚೆಂದದ ಹೆಸರು ಅದು.

ಇನ್ನೊಂದು ಕಡೆ ಜಗಳವೇ ಆಯಿತು. ಯಲಹಂಕದ ಆಚೆ ಒಂದು ದಿಣ್ಣೆಗೆ ನಾನು ಮೂವರಿಂದ ಹೆಸರು ಬರೆಸಿಕೊಂಡು ಬಂದಿದ್ದೆ. ಪಕ್ಕದಲ್ಲಿ ಲೇಔಟ್ ಮಾಡುತ್ತಿದ್ದವರು ಬೇರೆ ಮೂವರನ್ನು ಕರೆತಂದು, ಆ ದಿಣ್ಣೆಗೆ ಇಂಗ್ಲಿಷಿನಲ್ಲಿ ಸಿಲ್ವರ್ ಏನೋ, ಹಿಲ್ಸ್ ಏನೋ ಎಂದು ಹೇಳಿಸಿ, ಆಫೀಸಿನಲ್ಲಿ ಹೆಸರು ಬದಲಾಯಿಸಿಬಿಟ್ಟಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಸರ್ ಟೇಬಲ್ ಮುಂದೆ ನಿಂತು ಮಂಗಳಾರತಿ ಎತ್ತಿದೆ: "ಹೀಗೆ ಯಾರ್ಯಾರೋ ಬಂದು ಬದಲಾಯಿಸೋದಾದ್ರೆ ನಾನ್ಯಾಕೆ ಬಿಸಿಲಲ್ಲಿ ಅಲೆದಾಡ್ಬೇಕು? ಬದಲಾಯಿಸ್ಬೇಕು ಅಂದ್ರೆ ಮೊದಲ ಸಾಕ್ಷಿನೇ ತಮ್ಮ ಬಾಯಿಂದ ಹೊಸ ಹೆಸರು ಹೇಳ್ಬೇಕು, ರೂಲ್ ಮಾಡಿ!" ಸರ್ ತಣ್ಣಗಿನ ಮನುಷ್ಯ. ರೂಲ್ ಮಾಡಿಯೇಬಿಟ್ಟರು. ನಾನು ಗೆದ್ದೆ ಎಂದುಕೊಂಡು ಆವತ್ತು ಹೆಬ್ಬಾಳದ ಟ್ರಾಫಿಕ್ಕಿನಲ್ಲೂ ಹಾಡು ಗುನುಗುತ್ತಾ ಮನೆಗೆ ಬಂದೆ.

ಆ ರೂಲು ನನ್ನ ಕಾಲಿಗೇ ತೊಡರಿಕೊಂಡದ್ದು ಹೆಸರಘಟ್ಟದ ಹತ್ತಿರ.

ಹುಲ್ಲುಗಾವಲಿನ ಅಂಚಿನಲ್ಲಿ ಒಂದು ಊರು. ಊರಿನ ಹಿಂದೆ ಬಂಡೆಗಳ ಒಂದು ಗುಡ್ಡ, ಅದರ ಬುಡದಿಂದ ಮಳೆಗಾಲದಲ್ಲಿ ಮಾತ್ರ ಹರಿಯುವ ಒಂದು ಸಣ್ಣ ಹಳ್ಳ. ಬೆಳಿಗ್ಗೆ ನಾನು ಹೋದಾಗ ಒಬ್ಬ ಅಜ್ಜಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದರು. ಹೊರೆ ಇಳಿಸಲು ಕೈಕೊಟ್ಟು, ಮಾತಿಗೆ ಎಳೆದು, ಫೋನ್ ಆನ್ ಮಾಡಿ ಕೇಳಿದೆ: "ಅಜ್ಜಿ, ಆ ಗುಡ್ಡಕ್ಕೆ ಏನಂತೀರಿ?"

ಅಜ್ಜಿ ಗುಡ್ಡ ನೋಡಿದರು, ನನ್ನ ನೋಡಿದರು, ಸೆರಗು ಸರಿಮಾಡಿಕೊಂಡರು. "ಅದಾ? ಆಚೆಗುಡ್ಡ ಅಂತೀವಿ ಕಣವ್ವ."

"ಹಳೇ ಹೆಸರೇನಾ?"

"ನಾನು ಲಗ್ನಾಗಿ ಈ ಊರಿಗೆ ಬಂದಾಗಿಂದ ಅಂಗೇ ಅನ್ನಾದು."

ಡೈರಿಗೆ ಹಾಲು ಹಾಕಲು ಬಂದಿದ್ದ ಇಬ್ಬರು ಹೆಂಗಸರನ್ನು ಬೇರೆ ಬೇರೆಯಾಗಿ ಕೇಳಿದೆ. ಅವರೂ ಆಚೆಗುಡ್ಡ ಎಂದರು. ಒಬ್ಬಾಕೆ ಹೇಳಿದ ಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು. ನನ್ನ ಹೆಲ್ಮೆಟ್ಟು ನೋಡಿ ನಕ್ಕಳು ಎಂದುಕೊಂಡೆ. ಒಂದೇ ಬೆಳಗಿನಲ್ಲಿ ಮೂವರು ಸಾಕ್ಷಿಗಳು, ಒಂದೇ ಹೆಸರು. ಊರಿನ ಆಚೆಗಿರುವ ಗುಡ್ಡ ಆಚೆಗುಡ್ಡ, ಅಲ್ಲಿಂದ ಹರಿಯುವುದು ಆಚೆಗುಡ್ಡದ ಹಳ್ಳ. ಎಷ್ಟು ಸಲೀಸು! ಸರ್ ಕೂಡ "ವೆರಿ ನೈಸ್ ಮೇಡಂ" ಎಂದು ಮೆಸೇಜ್ ಹಾಕಿದರು.

ಕೆಲವು ವಾರಗಳ ನಂತರ ಕರಡು ನಕ್ಷೆ ತೆಗೆದುಕೊಂಡು ಅದೇ ಊರಿಗೆ ಹೋದೆ. ಹೆಸರುಗಳನ್ನೆಲ್ಲ ಊರವರ ಮುಂದೆ ಗಟ್ಟಿಯಾಗಿ ಓದುವುದು ಕೊನೆಯ ಹಂತ. ಸಂಜೆ ಡೈರಿಯ ಮುಂದೆ ಜನ ಸೇರಿದ್ದರು. ನಾನು ಗಂಟಲು ಸರಿಮಾಡಿಕೊಂಡು, ದೊಡ್ಡ ವಾರ್ತಾ ವಾಚಕಿಯ ಹಾಗೆ "ಆಚೆಗುಡ್ಡ" ಎಂದು ಓದಿದೆ. ಡೈರಿಯ ಸೆಕ್ರೆಟರಿ ಹಾಲಿನ ಕ್ಯಾನಿನಿಂದ ತಲೆ ಎತ್ತಿದರು.

"ಯಾವ್ದು ಮೇಡಂ ಅದು, ಆಚೆಗುಡ್ಡ?"

ಕೈ ತೋರಿಸಿದೆ. ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ನಾನು ಕಕ್ಕಾಬಿಕ್ಕಿ. ನಗು ನಿಂತ ಮೇಲೆ ಸೆಕ್ರೆಟರಿ ಆ ಗುಡ್ಡದ ಹೆಸರು ಹೇಳಿದರು. ಅದು ಗುಡ್ಡದ ಮೇಲಿರುವ ದೇವರ ಹೆಸರು. "ಯಾರ್ ಯೋಳಿದ್ದು ನಿಮ್ಗೆ ಆಚೆಗುಡ್ಡ ಅಂತ? ಆ ಕಡೇ ಮನೆ ಅಜ್ಜಿನಾ? ಅವ್ರ ಸೊಸೇರಾ? ಅಯ್ಯೋ ನಿಮ್ಮ! ಅಜ್ಜಿ ಗಂಡಂದೂ ಅದೇ ಎಸ್ರು ಕಣ್ರೀ. ಅವ್ರ ಬಾಯಲ್ಲಿ ಎಂಗ್ ಬರ್ತದೆ?"

ಕಥೆ ಇಷ್ಟು. ಆ ತಾತನ ತಂದೆ ತಾಯಿಗೆ ಹುಟ್ಟಿದ ಮಕ್ಕಳು ಉಳಿಯುತ್ತಿರಲಿಲ್ಲವಂತೆ. ಗುಡ್ಡದ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿ ಉಳಿದವರು ಈ ತಾತ, ಹಾಗಾಗಿ ಗುಡ್ಡದ ಹೆಸರೇ ಇವರಿಗೂ. ಅಜ್ಜಿ ಮದುವೆಯಾಗಿ ಬಂದರು. ಗಂಡನ ಹೆಸರು ಹೇಳುವ ಹಾಗಿಲ್ಲ, ದಿನಾ ಹುಲ್ಲಿಗೆ ಹೋಗುವುದು ಅದೇ ಗುಡ್ಡಕ್ಕೆ. "ಎಲ್ಲಿಗೆ ಹೋಗಿದ್ದೆ?" ಎಂದು ಅತ್ತೆ ಕೇಳಿದರೆ ಏನಾದರೂ ಹೇಳಲೇಬೇಕಲ್ಲ? ಆಚೆಗುಡ್ಡಕ್ಕೆ ಎಂದರು. ಮುಂದೆ ಸೊಸೆಯರು ಬಂದರು, ಅವರಿಗೆ ಮಾವನ ಹೆಸರು, ಅವರೂ ಆಚೆಗುಡ್ಡ ಎಂದರು. ಊರಿಗೆಲ್ಲ ಒಂದು ಹೆಸರು, ಒಂದು ಮನೆಯ ಹೆಂಗಸರಿಗೆ ಇನ್ನೊಂದು. ನನ್ನ ಮೂವರು ಸಾಕ್ಷಿಗಳೂ ಅದೇ ಮನೆಯವರು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಜ್ಜಿ ಅಷ್ಟು ವರ್ಷ ಬಾಯಿಬಿಟ್ಟು ಹೇಳದ್ದನ್ನು ನಾನು ಅಚ್ಚಿಗೆ ಕೊಡುವುದು ಯಾಕೋ ಮರ್ಯಾದೆ ಅನ್ನಿಸುವುದಿಲ್ಲ.

ರಾತ್ರಿ ಊಟ ಮಾಡುವಾಗ ಅಮ್ಮಿಗೆ ಇದನ್ನೆಲ್ಲ ಹೇಳಿದೆ. ನನ್ನ ತಾಯಿ ನಗುವುದು ಕಡಿಮೆ. ಆವತ್ತು ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಲ್ಲ ಕಣೇ, ನಾನು ನಿಮ್ಮಪ್ಪನ ಹೆಸರು ಹೇಳಿದ್ದು ಯಾವತ್ತಾದ್ರೂ ಕೇಳಿದೀಯಾ?" ಎಂದು ಕೇಳಿದರು. ಯೋಚಿಸಿದೆ. ಇಲ್ಲ! ನಮ್ಮ ಮನೆಯಲ್ಲಿ ಅಪ್ಪ ಎಂದರೆ 'ಉನೋ', ಅಂದರೆ 'ಅವರು'. ಉನೋ ಬಂದರು, ಉನೋ ಉಂಡರು, ಉನೋ ಸಿಟ್ಟಾಗಿದ್ದಾರೆ. ಆಧಾರ್ ಕಾರ್ಡಿನ ಕೌಂಟರಿನಲ್ಲಿ ಗಂಡನ ಹೆಸರು ಕೇಳಿದಾಗಲೂ ಅಮ್ಮಿ ನನ್ನ ಬೆನ್ನಿಗೆ ತಿವಿದು ನನ್ನಿಂದಲೇ ಹೇಳಿಸಿದ್ದರು. ಹುಟ್ಟಿದಾಗಿನಿಂದ ಈ ಪದ್ಧತಿಯ ಅನ್ನ ತಿಂದು ಬೆಳೆದವಳಿಗೆ ಹೆಸರಘಟ್ಟದಲ್ಲಿ ಅದು ಹೊಳೆಯಲೇ ಇಲ್ಲ, ನೋಡಿ.

ಮಾರನೆಯ ದಿನ, ಸರಿಮಾಡಿಕೊಂಡರಾಯಿತು ಎಂದು ಲಘುವಾಗಿಯೇ ಅಜ್ಜಿಯ ಮನೆಗೆ ಹೋದೆ. ಹೋಗಿ ನೋಡಿದರೆ ಅಲ್ಲಿ ನಗುವ ಸಂಗತಿ ಏನೂ ಇರಲಿಲ್ಲ.

ಜಗಲಿಯ ಮೇಲೆ ಮಂಚ, ಮಂಚದ ಮೇಲೆ ತಾತ. ಲಕ್ವ ಹೊಡೆದು ವರ್ಷ ದಾಟಿತ್ತು. ಬಲಗೈ, ಬಲಗಾಲು ಹೋಗಿದ್ದವು, ಮಾತೂ ಹೋಗಿತ್ತು. ಎದುರಿಗೆ ಗುಡ್ಡ ಕಾಣಲಿ ಎಂದೇ ಮಂಚವನ್ನು ಅಲ್ಲಿ ಹಾಕಿದ್ದರಂತೆ. ಆದರೆ ತಾತ ಗುಡ್ಡಕ್ಕೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹಿಂದಿನ ಸಂಜೆಯ ಸುದ್ದಿಯನ್ನು ಯಾರೋ ನಗುನಗುತ್ತಾ ಬಂದು ಹೇಳಿದ್ದರು: ಮ್ಯಾಪಿನಲ್ಲಿ ಗುಡ್ಡದ ಹೆಸರು ಆಚೆಗುಡ್ಡ ಎಂದಾಗಿದೆ, ನಿನ್ನ ಹೆಂಡತಿಯೇ ಬರೆಸಿದ್ದಾಳೆ. ಆಗಿನಿಂದ ಅಜ್ಜಿಯ ಕೈಯಿಂದ ಒಂದು ತುತ್ತೂ ತಿಂದಿರಲಿಲ್ಲ. ಗಂಜಿಯ ಲೋಟವನ್ನು ಎಡಗೈಯಿಂದ ತಳ್ಳಿಬಿಟ್ಟಿದ್ದರು.

"ಚೆನ್ನಾಗಿದ್ದಾಗ ಒಂದೇ ಮಾತು ಯೋಳೋರು ಕಣವ್ವ," ಎಂದರು ಅಜ್ಜಿ. "ನಾನ್ ಒಂಟೋದ್ರೂ ನನ್ನೆಸ್ರು ಓಗಾಕಿಲ್ಲ, ಗುಡ್ಡ ಇಟ್ಕಂಡಿರ್ತದೆ ಅಂತ. ಈಗ ನೋಡು, ನನ್ ಬಾಯಿಂದ್ಲೇ ಓಯ್ತು."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಅಳು ಬಂದುಬಿಟ್ಟಿತು. "ಅಳ್ಬೇಡಿ ಅಜ್ಜಿ, ಇವತ್ತೇ ಸರಿಮಾಡ್ತೀನಿ" ಎಂದು ಅಲ್ಲಿಂದಲೇ ಸರ್‌ಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಸರ್ ಎಲ್ಲವನ್ನೂ ಕೇಳಿದರು. ನಂತರ ಅದೇ ತಣ್ಣಗಿನ ದನಿಯಲ್ಲಿ, "ಸರಿ ಮೇಡಂ, ಮೊದಲ ಸಾಕ್ಷಿ ತಮ್ಮ ಬಾಯಿಂದ ಸರಿಯಾದ ಹೆಸರು ಹೇಳ್ಲಿ, ಕ್ಲಿಪ್ ಕಳ್ಸಿ. ಶನಿವಾರ ಮ್ಯಾಪ್ ಶೀಟ್ ಲಾಕ್ ಆಗುತ್ತೆ, ಆಮೇಲೆ ನನ್ನ ಕೈಲೂ ಏನೂ ಇಲ್ಲ" ಎಂದರು.

"ಊರಿಗೆ ಊರೇ ಹೇಳ್ತಿದೆ ಸರ್!"

"ರೂಲ್ ಮಾಡ್ಸಿದ್ದು ನೀವೇ ಅಲ್ವಾ ಮೇಡಂ?"

ಫೋನನ್ನು ಬಚ್ಚಲಿಗೆ ಎಸೆಯುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಅಡ್ಡದಾರಿ ಹುಡುಕಿದೆ. ನಾನೇ ಹೆಸರು ಹೇಳಿ, "ಇದೇ ತಾನೇ ಅಜ್ಜಿ ಆ ಗುಡ್ಡದ ಹೆಸರು?" ಎಂದು ಕೇಳಿದೆ. ಅಜ್ಜಿ "ಊಂ ಕಣವ್ವ" ಎಂದರು. ಕ್ಲಿಪ್ ಕಳಿಸಿದೆ. ಅಜ್ಜಿ ಕೊಟ್ಟ ಕಾಫಿ ಆರುವ ಮೊದಲೇ ಅದು ವಾಪಸ್ ಬಂತು. ಹೆಸರು ಹೇಳಿರುವುದು ನೀವು, ಅವರು ಊಂ ಎಂದಿದ್ದಾರೆ ಅಷ್ಟೆ, ಎಂದು ಸರ್ ಬರೆದಿದ್ದರು. ದೇವರ ಹೆಸರು ಎಂದುಕೊಂಡು ಹೇಳಿ ಅಜ್ಜಿ, ಎಂದೆ. "ಆ ದೇವ್ರಿಗೂ ನಾನು ಸ್ವಾಮಿ ಅಂತ್ಲೇ ಕೈ ಮುಗಿಯೋದು" ಎಂದರು. ಹಾಗಾದರೆ ಅರ್ಧ ಅರ್ಧ ಮಾಡಿ ಹೇಳಿ, ಎಂದೆ. ಮೊದಲರ್ಧ ಹೇಳಿ, ಉಳಿದರ್ಧ ನುಂಗಿಕೊಂಡು, ಕೆಮ್ಮು ಬಂದು, ನೀರು ಕುಡಿಸಬೇಕಾಯಿತು. ಸೊಸೆಯರಿಬ್ಬರೂ ಬಾಗಿಲಲ್ಲಿ ನಿಂತು, "ಯೋಳತ್ತೆ, ನಾವು ಕಿವಿ ಮುಚ್ಕಂತೀವಿ" ಎಂದು ಗೋಳು ಹೊಯ್ದುಕೊಂಡರು. "ಮುಚ್ಕಳ್ರಮ್ಮ, ಬಾಯಿನೂ ಮುಚ್ಕಳಿ" ಎಂದು ಅಜ್ಜಿ ಗದರಿದರು. ಒಂದು ಕ್ಷಣ ಎಲ್ಲರೂ ನಕ್ಕೆವು. ಮಂಚದ ಮೇಲಿನ ಬೆನ್ನು ಮಾತ್ರ ಅಲುಗಲಿಲ್ಲ.

ಶುಕ್ರವಾರ ಸಂಜೆ ಇನ್ನೊಮ್ಮೆ ಹೋದೆ. ಅಜ್ಜಿ ನನ್ನನ್ನು ಹಿತ್ತಲಿಗೆ, ಹಸುಗಳ ಹತ್ತಿರ ಕರೆದುಕೊಂಡು ಹೋದರು. ನಾಚಿಕೆಯಿಂದ ಹೇಳುತ್ತಿಲ್ಲ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

"ಗಂಡನ್ ಎಸ್ರು ಯೋಳುದ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತಾರೆ ಕಣವ್ವ," ಎಂದರು. "ಲಗ್ನದಾಗೆ ಒಸ್ಲತ್ರ ನಿಲ್ಸಿ ಕೇಳುದ್ರು, ಆವತ್ತೂ ಯೋಳ್ನಿಲ್ಲ. ನಮ್ ನಾದಿನಿನೇ ಯೋಳಿ ಒಳೀಕ್ ಕರ್ಕಂಡ್ಲು. ಆಗ್ಲೇ ಯೋಳ್ದೇ ಇದ್ದೋಳು ಈಗ ಯೋಳ್ಲಾ? ಮೊದ್ಲೇ ಇಂಗಾಗವ್ರೆ. ನಾನ್ ಬಾಯ್ಬಿಟ್ಟು, ನಾಳೀಕೆ ಏನಾರ ಒಂದಾದ್ರೆ?"

ನನ್ನ ಜೋರು ಬಾಯಿ ಅಲ್ಲಿ ಕೈಕೊಟ್ಟಿತು. ಅದೆಲ್ಲ ಮೂಢನಂಬಿಕೆ ಎಂದು ಹೇಳಬಹುದಿತ್ತು. ಆದರೆ ನಾಳೆ ಏನಾದರೂ ಆದರೆ ಆ ಮುದುಕಿಯ ಜೊತೆ ಕೂತು ಅಳುವವಳು ನಾನಲ್ಲವಲ್ಲ. ಹೇಳಿದರೆ ಗಂಡನ ಆಯಸ್ಸು, ಹೇಳದಿದ್ದರೆ ಗಂಡನ ಹೆಸರು. ಇಷ್ಟು ದೊಡ್ಡ ಪೀಕಲಾಟವನ್ನು ಒಂದು ನಕ್ಷೆಗೋಸ್ಕರ ಇವರ ತಲೆಗೆ ಕಟ್ಟಿದೆನಲ್ಲ ಎಂದು ನನಗೇ ಬೇಜಾರಾಯಿತು.

"ಬಿಡಿ ಅಜ್ಜಿ," ಎಂದೆ. "ಮ್ಯಾಪ್‌ನಲ್ಲಿ ಏನಾದ್ರೂ ಇರ್ಲಿ. ಊರವ್ರು ಕರೆಯೋದು ಕರೀತಾರೆ. ನಾನು ಬರ್ತೀನಿ."

ಫೋನನ್ನು ಚೀಲಕ್ಕೆ ಹಾಕಿಕೊಂಡು ಜಗಲಿಗೆ ಬಂದು ಚಪ್ಪಲಿ ಮೆಟ್ಟಿದೆ. ಅಜ್ಜಿ ಹಿಂದೆಯೇ ಬಂದರು. ಮಂಚದ ಹತ್ತಿರ ಹೋಗಿ ಗೋಡೆಯ ಕಡೆಗೆ ಬಗ್ಗಿ, ತಾತನ ಮುಖ ನೋಡುತ್ತಾ ಕೇಳಿದರು: "ಇಲ್ನೋಡಿ. ಯೋಳ್ಬುಡ್ಲಾ? ಆಮೇಕೆ ನನ್ನ ಬೈಯಂಗಿಲ್ಲ."

ತಾತ ಎಡಗೈಯನ್ನು ಊರಿ, ಒದ್ದಾಡಿಕೊಂಡು ಈ ಕಡೆಗೆ ಹೊರಳಿದರು. ನಾನು ಅವರ ಮುಖ ಸರಿಯಾಗಿ ನೋಡಿದ್ದು ಆಗಲೇ. ಒಂದು ಕಡೆ ಸೊಟ್ಟಗಾಗಿದ್ದ ಬಾಯಿ, ಕಣ್ಣುಗಳು ಮಾತ್ರ ಚುರುಕು. ಎಡಗೈ ಎತ್ತಿ, ಅಜ್ಜಿಯ ಬಾಯಿಯ ಕಡೆಗೊಮ್ಮೆ ತೋರಿಸಿ, ಗುಡ್ಡದ ಕಡೆಗೊಮ್ಮೆ ತೋರಿಸಿದರು.

"ಆನ್ ಮಾಡವ್ವ," ಎಂದರು ಅಜ್ಜಿ.

ಗಡಿಬಿಡಿಯಲ್ಲಿ ಚೀಲದಲ್ಲಿದ್ದ ಬಾಚಣಿಗೆ, ಬೀಗದ ಕೈ ಎಲ್ಲ ನೆಲಕ್ಕೆ ಬಿದ್ದವು. ಫೋನ್ ಸಿಕ್ಕಿತು. ಅಜ್ಜಿ ಜಗಲಿಯ ತುದಿಗೆ ಬಂದು ನಿಂತರು. ಗಂಡನಿಗೆ ಬೆನ್ನು ಮಾಡಿ, ಗುಡ್ಡಕ್ಕೆ ಮುಖ ಮಾಡಿ ನಿಂತರು. ಹೇಳುತ್ತಿರುವುದು ಗುಡ್ಡಕ್ಕೆ, ಗಂಡನಿಗಲ್ಲ ಎನ್ನುವ ಹಾಗೆ. ಸೊಸೆಯರು ನಿಜವಾಗಿಯೂ ಕಿವಿ ಮುಚ್ಚಿಕೊಂಡರು. ನಾನು ಪದ್ಧತಿಯಂತೆ ಕೇಳಿದೆ: "ಆ ಗುಡ್ಡಕ್ಕೆ ಏನಂತೀರಿ ಅಜ್ಜಿ?"

ಅಜ್ಜಿ ಮೆಲ್ಲಗೆ ಹೇಳುತ್ತಾರೆ ಎಂದುಕೊಂಡು ಫೋನನ್ನು ಅವರ ಬಾಯಿಗೆ ಹತ್ತಿರ ಹಿಡಿದಿದ್ದೆ. ಅವರು ಮೆಲ್ಲಗೆ ಹೇಳಲಿಲ್ಲ. ಕಣ್ಣು ಮುಚ್ಚಿಕೊಂಡು, ಹೊಲದ ಆ ತುದಿಯಲ್ಲಿರುವವರನ್ನು ಊಟಕ್ಕೆ ಕರೆಯುವ ಹಾಗೆ, ಗಂಟಲು ಬಿಟ್ಟು ಪೂರ್ತಿ ಹೆಸರು ಕೂಗಿದರು.

"ಓ" ಎಂಬ ದನಿ ಬಂತು, ನಮ್ಮ ಹಿಂದಿನಿಂದ.

ಒರಟಾದ, ತುಕ್ಕು ಹಿಡಿದ ದನಿ. ಆ ಮನೆಯಲ್ಲಿ ವರ್ಷದಿಂದ ಯಾರೂ ಕೇಳದ ದನಿ. ಒಬ್ಬ ಸೊಸೆ ಕಿವಿಯಿಂದ ಕೈ ತೆಗೆದು "ಮಾವ!" ಎಂದು ಚೀರಿದಳು. ಅಜ್ಜಿ ತಟ್ಟನೆ ತಿರುಗಿದರು. ತಾತ ದಿಂಬಿನಿಂದ ತಲೆ ಎತ್ತಿ ಹೆಂಡತಿಯನ್ನೇ ನೋಡುತ್ತಿದ್ದರು. ಕರೆದೆಯಲ್ಲ, ಏನು, ಎನ್ನುವ ಹಾಗೆ.

ಅಜ್ಜಿಯ ಮುಖ ಕೆಂಪಗಾಯಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನಮ್ಮ ಯಾರ ಕಡೆಗೂ ನೋಡದೆ, "ಏನಿಲ್ಲ" ಎಂದರು. "ಸುಮ್ಕೆ ಕರ್ದೆ."